‘ಅಗ್ನಿ’ ಚಲಚ್ಚಿತ್ರ: ಒಂದು ಗುಣದೋಷ ವಿವೇಚನೆ

೧

ಚರಿತ್ರೆಯನ್ನು ಪಾಠ ಹೇಳುವವರಿಗೆ ಚಲಚ್ಚಿತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಭಿನಯದ ಸೊಗಸು, ಛಾಯಾಗ್ರಹಣದ ಕೌಶಲ, ಸಂಗೀತದ ಹೊಂದಿಕೆ ಇವನ್ನು ಕುರಿತು ತೀರ್ಪು ಹೇಳುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಒಂದು ಕಥೆಯು ಯಾವುದೋ ಅನಾಹುತವನ್ನು ತೋರಿಸಿ, ಅದು ಸಂಭವಿಸಿದ್ದು ಇಂಥ ಕಾರಣದಿಂದ ಎಂದು ಹೇಳತೊಡಗಿದರೆ, ಅದು ಚರಿತ್ರಕಾರನ ಹೊಲಕ್ಕೆ ಕಾಲಿಟ್ಟಂತೆಯೇ ಸರಿ. ಕಾರಣವನ್ನು ಅರಸುವುದೇ ಅವನ ಕಸುಬು. ರಾಹುಲ್ ಢೋಲಾಕಿಯಾ ಅವರು ನಿರ್ದೇಶಿಸಿದ, ೨೦೨೪ರ ಡಿಸೆಂಬರ್ ೬ರಂದು ಪ್ರೈಮ್ ವಿಡಿಯೋ ಮೂಲಕ ಬಿಡುಗಡೆಯಾದ ‘ಅಗ್ನಿ’ ಎಂಬ ಹಿಂದೀ ಚಿತ್ರವನ್ನು ನಾವು ಈ ಒಂದು ದೃಷ್ಟಿಯಿಂದ ಪರಿಶೀಲಿಸಲು ಹೊರಟಿದ್ದೇವೆ. ಬೆಂಕಿ ನಂದಿಸುವವರ ಬಾಳನ್ನೇ ವಸ್ತುವಾಗಿ ಉಳ್ಳ ಚಿತ್ರಗಳು ನಮ್ಮ ದೇಶದಲ್ಲಿ ವಿರಳವಾದುದರಿಂದ ಇದನ್ನು ಆದರದಿಂದಲೇ ನೋಡಬೇಕು. ಆದರಕ್ಕೆ ಪಾತ್ರವಾದುದರಿಂದಲೇ ಇದರ ದೋಷಗಳನ್ನೂ ಮರೆಮಾಚದೆ ಹೇಳಬೇಕು.

ಕಥೆಯ ಸಾರ ಇಷ್ಟು. ವಿಠ್ಠಲ ಎಂಬಾತ (ಪ್ರತೀಕ್ ಗಾಂಧಿ) ಮುಂಬಯಿಯ ಅಗ್ನಿಶಾಮಕ ಠಾಣೆಯೊಂದರ ಅಧಿಕಾರಿ. ಅವನ ಭಾವಮೈದುನ ಸಮಿತ್ (ದಿವ್ಯೇಂದು) ಪೊಲೀಸ್ ಅಧಿಕಾರಿ. ನಗರದಲ್ಲಿ ಒಂದರ ಹಿಂದೊಂದರಂತೆ ಬೆಂಕಿ ಅನಾಹುತಗಳು ನಡೆಯುತ್ತವೆ. ಇವೆಲ್ಲ ಆಕಸ್ಮಿಕಗಳಲ್ಲ, ಇವುಗಳ ಹಿಂದೆ ಯಾರದೋ ಕೈವಾಡವಿರಬೇಕೆಂಬ ಸಂಶಯ ವಿಠ್ಠಲನಲ್ಲಿ ಮೂಡುತ್ತದೆ. ಪರಸ್ಪರ ಸರಿಬೀಳದ ಇವರಿಬ್ಬರೂ ಕೂಡಿ ಆ ಜಾಡನ್ನು ಹಿಡಿಯಬೇಕಾಗುತ್ತದೆ. ಆ ಕೈ ಯಾರದೆಂಬುದನ್ನು ಇಲ್ಲಿ ಹೊರಗೆಡಹುವುದಿಲ್ಲ; ನಮ್ಮ ವಾದಕ್ಕೆ ಅದರ ಅವಶ್ಯಕತೆಯೂ ಇಲ್ಲ. ಒಂದು ಕೈಯನ್ನು ಹುಡುಕುವುದೇ ಕಥೆಯ ನಡೆಯಾಯಿತು ಎಂಬುದಷ್ಟೇ ಪ್ರಕೃತಕ್ಕೆ ಸಾಕು.

೨

ಮೊದಲು ಗುಣಗಳು. ಈ ಚಿತ್ರದ ಪ್ರಥಮ ಗುಣವೆಂದರೆ ಅದರ ವಸ್ತು. ಮುಂಬಯಿಯನ್ನು ಹಿನ್ನೆಲೆಯಾಗಿ ಆರಿಸಿಕೊಂಡಿರುವುದಂತೂ ಚಾರಿತ್ರಿಕವಾಗಿ ಉಚಿತವಾಗಿದೆ. ೧೯೪೪ರ ಏಪ್ರಿಲ್ ೧೪ರಂದು ಆ ನಗರದ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಯುದ್ಧದ ಸ್ಫೋಟಕಗಳೂ ಹತ್ತಿಯ ಮೂಟೆಗಳೂ ಅದೇ ಹಡಗಿನಲ್ಲಿದ್ದವು. ನೀರು ಹಾಯಿಸುತ್ತಿದ್ದಂತೆಯೇ ಹಡಗು ಸಿಡಿದು ೬೬ ಮಂದಿ ಅಗ್ನಿಶಾಮಕರು ಪ್ರಾಣ ಕೊಟ್ಟರು. ಅವರ ನೆನಪಿಗಾಗಿಯೇ ಏಪ್ರಿಲ್ ೧೪ನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ಆ ದಿನದಂದು ಬೇರೆ ಹಲವು ಸಮಾರಂಭಗಳು ನಮ್ಮ ಕಾಲೇಜುಗಳಲ್ಲಿ ನಡೆಯುತ್ತವೆ. ಈ ೬೬ ಮಂದಿಯನ್ನು ನೆನೆಯುವುದು ಅಪರೂಪ. ಇಂಥ ಮರೆವಿನ ನಡುವೆ ಒಂದು ಚಿತ್ರ ಅಗ್ನಿಶಾಮಕನನ್ನು ಕಥಾನಾಯಕನನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ.

ಎರಡನೆಯ ಗುಣ, ಚಿತ್ರವು ಈ ಮರೆವನ್ನು ಮನೆಯೊಳಗೆ ತಂದು ತೋರಿಸಿರುವ ರೀತಿ. ವಿಠ್ಠಲನ ಮಗನಿಗೆ ಆದರ್ಶಪುರುಷ ತಂದೆಯಲ್ಲ, ಪೊಲೀಸ್ ಅಧಿಕಾರಿಯಾದ ಸೋದರಮಾವ. ಮಾವನಿಗೆ ಪದಕ, ಪತ್ರಿಕೆಗಳಲ್ಲಿ ಪ್ರಚಾರ, ಊರವರ ಸಲಾಮು. ತಂದೆಗೆ ಹೊಗೆ ಮತ್ತು ದಣಿವು. ಇದಕ್ಕಾಗಿ ತಂದೆ ಮಗನನ್ನು ಬಯ್ಯುವಂತಿಲ್ಲ. ಬಯ್ದರೆ ತನ್ನ ಕಸುಬಿಗೆ ತಾನೇ ಗೌರವವನ್ನು ಬೇಡಿದಂತಾಗುತ್ತದೆ. ಸಮಾಜವು ಯಾರನ್ನು ವೀರರೆಂದು ಎಣಿಸುತ್ತದೆ, ಯಾರನ್ನು ಎಣಿಸುವುದಿಲ್ಲ ಎಂಬ ದೊಡ್ಡ ಪ್ರಶ್ನೆಯನ್ನು ಒಂದು ಮಗುವಿನ ಮೆಚ್ಚುಗೆಯ ಮೂಲಕ ಕೇಳಿರುವುದು ನಿಜವಾಗಿ ಶ್ಲಾಘನೀಯ. ಪ್ರತೀಕ್ ಗಾಂಧಿಯವರು ಈ ಸಂದರ್ಭಗಳಲ್ಲಿ ಮಾತಿಗಿಂತ ಮೌನವನ್ನೇ ಹೆಚ್ಚು ನೆಚ್ಚಿಕೊಂಡಿದ್ದಾರೆ. ಅದು ಪಾತ್ರಕ್ಕೆ ಒಪ್ಪುತ್ತದೆ.

ಮೂರನೆಯದಾಗಿ, ಠಾಣೆಯ ಬದುಕನ್ನು ಚಿತ್ರವು ಒಬ್ಬನ ಸಾಹಸವನ್ನಾಗಿ ಮಾಡದೆ ಒಂದು ತಂಡದ ದುಡಿಮೆಯಾಗಿ ತೋರಿಸುತ್ತದೆ. ಸಯ್ಯಾಮಿ ಖೇರ್ ಅವರು ಅಭಿನಯಿಸಿರುವ ಅವನಿ ಎಂಬ ಅಗ್ನಿಶಾಮಕಿಯ ಪಾತ್ರವನ್ನು ಅಲಂಕಾರಕ್ಕಾಗಿ ಇಟ್ಟಿಲ್ಲ; ಅವಳು ಉಳಿದವರೊಡನೆ ಸರಿಸಮನಾಗಿ ಕೆಲಸ ಮಾಡುವವಳು. ಬೆಂಕಿಯ ಮುಂದೆ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬ ತಿಳಿವಳಿಕೆಯಿಂದ ಹುಟ್ಟುವ ಸಲಿಗೆ, ಪರಿಹಾಸ, ಜಗಳ ಇವೆಲ್ಲ ಈ ಭಾಗಗಳಲ್ಲಿ ನಂಬುವಂತೆ ಮೂಡಿವೆ. ಚಿತ್ರವು ಇಷ್ಟಕ್ಕೇ ನಿಂತಿದ್ದರೆ ನಮ್ಮ ಲೇಖನವೂ ಮೆಚ್ಚುಗೆಯಲ್ಲೇ ಮುಗಿಯುತ್ತಿತ್ತು.

೩

ಈಗ ದೋಷಗಳು. ಇವುಗಳಲ್ಲಿ ಮುಖ್ಯವಾದುದು ಒಂದೇ. ಉಳಿದವು ಅದರ ಕೊಂಬೆಗಳು. ಪೊಲೀಸನಿಗೆ ಸಲ್ಲುವ ಗೌರವ ಅಗ್ನಿಶಾಮಕನಿಗೆ ಸಲ್ಲುತ್ತಿಲ್ಲವೆಂದು ದೂರುವ ಚಿತ್ರವು, ಆ ಗೌರವವನ್ನು ವಿಠ್ಠಲನಿಗೆ ದೊರಕಿಸಿಕೊಡಲು ಅವನಿಂದ ಏನು ಮಾಡಿಸುತ್ತದೆ? ಅಪರಾಧಿಯ ಜಾಡನ್ನು ಹಿಡಿಸುತ್ತದೆ. ಸುಳಿವುಗಳನ್ನು ಕೂಡಿಸಿ ನೋಡಿಸುತ್ತದೆ. ಎಂದರೆ ಅವನನ್ನು ಪೊಲೀಸನ ಕೆಲಸಕ್ಕೆ ಹಚ್ಚುತ್ತದೆ. ಅಗ್ನಿಶಾಮಕನು ತನ್ನ ಕಸುಬಿನಿಂದ ನಾಯಕನಾಗಲಾರ, ಪತ್ತೇದಾರನಾದರೆ ಮಾತ್ರ ಆದಾನು ಎಂದು ಚಿತ್ರವೇ ಒಪ್ಪಿಕೊಂಡಂತಾಯಿತು. ಯಾವ ತಪ್ಪೆಣಿಕೆಯನ್ನು ಖಂಡಿಸಲು ಕಥೆ ಹೊರಟಿತ್ತೋ ಅದನ್ನೇ ಕೊನೆಗೆ ಸ್ಥಿರಪಡಿಸಿದೆ. ಆ ಮಗುವಿನ ದೃಷ್ಟಿಯನ್ನು ತಿದ್ದಬೇಕಾಗಿದ್ದ ಚಿತ್ರ ತಾನೂ ಆ ಮಗುವಿನ ಕಣ್ಣಿನಿಂದಲೇ ನೋಡಿತು.

ಇದಕ್ಕಿಂತ ಗಂಭೀರವಾದುದು ಇದರ ಇನ್ನೊಂದು ಪರಿಣಾಮ. ಬೆಂಕಿಗಳ ಹಿಂದೆ ಒಂದು ಕೈಯಿದೆ ಎಂದಮೇಲೆ, ಆ ಕೈ ಸಿಕ್ಕಿಬಿದ್ದರೆ ಬೆಂಕಿ ನಿಂತೀತೆಂದು ನೋಡುವವನು ಭಾವಿಸುವುದು ಸಹಜ. ಕಟ್ಟಡಗಳಲ್ಲಿ ಬಿಗಿ ಬಂದೋಬಸ್ತಿಲ್ಲದಿರುವುದನ್ನು ಚಿತ್ರವು ಹೇಳದೆ ಬಿಟ್ಟಿಲ್ಲ. ಆದರೆ ಅದು ಕಥೆಯ ಅಂಚಿನಲ್ಲಿ ಬಂದು ಹೋಗುವ ಮಾತು, ಕಥೆಯ ನಡುಗಂಬವಲ್ಲ. ವಾಸ್ತವದಲ್ಲಿ ಯಾವುದು ನಡುಗಂಬ, ಯಾವುದು ಅಂಚು ಎಂಬುದನ್ನು ಅರಿಯಲು ನಮ್ಮ ನಾಡಿನಲ್ಲೇ ನಡೆದ ಕೆಲವು ಅನಾಹುತಗಳನ್ನು ನೋಡಬೇಕು.

೧೯೮೧ರ ಫೆಬ್ರುವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ೨೦೧೦ರ ಫೆಬ್ರುವರಿ ೨೩ರಂದು ಅದೇ ನಗರದ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳಿಂದ ಎದ್ದ ಹೊಗೆ ಮಹಡಿಯಿಂದ ಮಹಡಿಗೆ ಹಬ್ಬಿ ೯ ಮಂದಿ ಸತ್ತರು. ಹೊರಹೋಗುವ ದಾರಿಗಳು ಮುಚ್ಚಿದ್ದುದರಿಂದ ಜನ ಕಿಟಕಿಯ ಗಾಜನ್ನು ಒಡೆದು ಕೆಳಕ್ಕೆ ಹಾರಿದ್ದನ್ನು ನಾಡೆಲ್ಲ ದೂರದರ್ಶನದಲ್ಲಿ ಕಂಡಿತು. ೨೦೨೩ರ ಅಕ್ಟೋಬರ್ ೭ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅದೇ ದಿನ ೧೪ ಮಂದಿ ಪ್ರಾಣಬಿಟ್ಟರು. ಗಾಯಾಳುಗಳಲ್ಲಿ ಕೆಲವರು ಆಮೇಲೆ ತೀರಿಕೊಂಡರು. ಹಬ್ಬದ ವ್ಯಾಪಾರದ ದಿನಗಳಲ್ಲಿ ಕೂಲಿಗೆಂದು ಬಂದಿದ್ದ ಎಳೆಯ ಹುಡುಗರು ಅವರಲ್ಲಿ ಹಲವರು.

ಚಲಚ್ಚಿತ್ರದ ವಿಚಾರಕ್ಕೆ ಬಹಳ ಹತ್ತಿರವಾದುದು ನಾಲ್ಕನೆಯ ಅನಾಹುತ. ನಮ್ಮ ಸೀಮೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಜೀವನವನ್ನು ಕುರಿತ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆಯುತ್ತಿತ್ತು. ೧೯೮೯ರ ಫೆಬ್ರುವರಿ ೮ರಂದು ಅಲ್ಲಿ ಬೆಂಕಿ ಬಿದ್ದು ೬೨ ಮಂದಿ ಸತ್ತರು. ಮುಖ್ಯ ಪಾತ್ರವನ್ನು ಅಭಿನಯಿಸಿ ನಿರ್ದೇಶಿಸುತ್ತಲೂ ಇದ್ದ ಸಂಜಯ್ ಖಾನ್ ಅವರು ತೀವ್ರವಾಗಿ ಸುಟ್ಟುಕೊಂಡು ಅನೇಕ ತಿಂಗಳು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು. ಅನಾಹುತಕ್ಕೆ ಹೇಳಿದ ಕಾರಣಗಳಾವುವು? ಸಡಿಲವಾದ ವಿದ್ಯುತ್ ಸಂಪರ್ಕ, ಗೋಡೆಗೆ ಹೊದಿಸಿದ ಗೋಣಿತಟ್ಟು, ಗಾಳಿಯಾಡಲು ಕಿಂಡಿಗಳಿಲ್ಲದಿರುವುದು, ದೊಡ್ಡ ದೀಪಗಳ ಕಾವು. ೧೮ನೆಯ ಶತಮಾನದ ಯುದ್ಧಗಳನ್ನು ತೋರಿಸಲು ಹೊರಟವರನ್ನು ೨೦ನೆಯ ಶತಮಾನದ ಒಂದು ಗೋಣಿತಟ್ಟು ಬಲಿ ತೆಗೆದುಕೊಂಡಿತು. ಧಾರಾವಾಹಿ ಮರುವರ್ಷ ಪ್ರಸಾರವಾಗಿ ಮನೆಮನೆಯ ಮಾತಾಯಿತು. ಅದರಲ್ಲಿ ಟಿಪ್ಪುವಿನ ಚಿತ್ರಣ ಸರಿಯೇ ತಪ್ಪೇ ಎಂದು ನಮ್ಮ ಚರಿತ್ರಕಾರರು ಬಹಳ ಚರ್ಚಿಸಿದರು. ಅದನ್ನು ಚಿತ್ರಿಸುವಾಗ ಸತ್ತ ೬೨ ಜನರ ವಿಷಯ ನಮ್ಮ ತರಗತಿಗಳಿಗೆ ಬರಲೇ ಇಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಈ ಅನಾಹುತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತೋರುವ ಸತ್ಯ ಸರಳವಾಗಿದೆ. ಇವುಗಳಿಗೆ ‘ಅಗ್ನಿ’ ಚಿತ್ರದಲ್ಲಿರುವಂಥ ಒಂದು ಕೈಯನ್ನು ಹುಡುಕಬೇಕಾಗಿಲ್ಲ. ಹುಡುಕಿದಲ್ಲಿ ಸಿಗುವುದು ಹಲವು ಕೈಗಳು: ತಂತಿಯನ್ನು ಅರೆಬರೆ ಜೋಡಿಸಿದ ಕೈ, ಬಾಗಿಲಿಗೆ ಬೀಗ ಹಾಕಿದ ಕೈ, ಸ್ಥಳವನ್ನು ನೋಡದೆ ಅನುಮತಿಪತ್ರಕ್ಕೆ ಸಹಿ ಹಾಕುವ ಕೈ, ಕಂಡೂ ಸುಮ್ಮನಿದ್ದ ನಮ್ಮೆಲ್ಲರ ಕೈ. ಇವರಲ್ಲಿ ಯಾರೂ ಯಾರನ್ನೂ ಕೊಲ್ಲಬೇಕೆಂದು ಬಯಸಿದವರಲ್ಲ. ಖಳನಾಯಕನಿಲ್ಲದೆ ಹೀಗೆ ಸಾವು ಸಂಭವಿಸುವುದೇ ಬೆಂಕಿಯ ಚರಿತ್ರೆಯ ತಿರುಳು. ಈ ತಿರುಳನ್ನು ಬಿಟ್ಟು ಖಳನಾಯಕನನ್ನು ತಂದು ನಿಲ್ಲಿಸಿದರೆ ಉಳಿದ ಕೈಗಳಿಗೆಲ್ಲ ಕ್ಷಮಾಪಣೆ ದೊರೆತಂತಾಗುತ್ತದೆ.

೪

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ನಾಟಕಕ್ಕೆ ಪ್ರತಿನಾಯಕ ಬೇಕು. ಸಡಿಲವಾದ ತಂತಿಯನ್ನೂ ಗೋಣಿತಟ್ಟನ್ನೂ ರಂಗದ ಮೇಲೆ ತಂದು ಎರಡು ಗಂಟೆ ಕಥೆ ನಡೆಸುವುದು ಹೇಗೆ? ಚಲಚ್ಚಿತ್ರವೇನು ತನಿಖಾ ವರದಿಯೇ? ಆಕ್ಷೇಪಣೆ ಉಪೇಕ್ಷಿಸತಕ್ಕದ್ದಲ್ಲ. ಆದರೆ ಇದಕ್ಕೆ ಉತ್ತರ ನಾವು ಕಲ್ಪಿಸಿ ಹೇಳಬೇಕಾದದ್ದಲ್ಲ, ಬೇರೆಡೆಯ ಚಿತ್ರಗಳೇ ಕೊಟ್ಟಿವೆ.

೧೯೭೪ರಲ್ಲಿ ಜಾನ್ ಗಿಲ್ಲರ್ಮಿನ್ ಅವರು ನಿರ್ದೇಶಿಸಿದ ‘ದಿ ಟವರಿಂಗ್ ಇನ್ಫರ್ನೋ’ ಎಂಬ ಅಮೆರಿಕದ ಚಿತ್ರದಲ್ಲಿ ೧೩೮ ಅಂತಸ್ತಿನ ಗೋಪುರವೊಂದು ಪ್ರಾರಂಭೋತ್ಸವದ ದಿನವೇ ಹೊತ್ತಿಕೊಳ್ಳುತ್ತದೆ. ಕಾರಣ, ಖರ್ಚನ್ನು ಉಳಿಸಲು ಕಳಪೆ ತಂತಿಯನ್ನು ಹಾಕಿದ್ದು. ಅದು ವೈಭವಪ್ರಿಯವಾದ ವ್ಯಾಪಾರೀ ಚಿತ್ರವೇ ಹೊರತು ಉಪದೇಶದ ಚಿತ್ರವಲ್ಲ. ಆದರೂ ಕೊನೆಯಲ್ಲಿ ಅಗ್ನಿಶಾಮಕ ಮುಖ್ಯಸ್ಥನು ವಾಸ್ತುಶಿಲ್ಪಿಗೆ ಹೇಳುವ ಮಾತಿನ ಭಾವ ಗಮನಾರ್ಹ: ಕಟ್ಟುವ ಮುನ್ನ ನಮ್ಮನ್ನು ಕೇಳುವವರು ಬರುವ ತನಕ ನಾವು ಹೆಣಗಳನ್ನು ಹೊರುತ್ತಲೇ ಇರುತ್ತೇವೆ ಎಂಬುದು ಅದರ ಅಭಿಪ್ರಾಯ. ಅಗ್ನಿಶಾಮಕನ ನಿಜವಾದ ಜ್ಞಾನವೇನೆಂಬುದನ್ನು ಆ ಚಿತ್ರ ತಿಳಿದಿತ್ತು. ಯಾರು ಬೆಂಕಿ ಹಚ್ಚಿದರೆಂಬುದನ್ನು ಹೇಳುವುದಕ್ಕಿಂತ ಯಾವುದು ಹೊತ್ತೀತೆಂಬುದನ್ನು ಮೊದಲೇ ಹೇಳಬಲ್ಲುದು ಆ ಜ್ಞಾನ. ಇದಕ್ಕೆ ಪ್ರತಿಯಾಗಿ ೧೯೯೧ರ ‘ಬ್ಯಾಕ್‌ಡ್ರಾಫ್ಟ್’ (ರಾನ್ ಹೋವರ್ಡ್) ಚಿತ್ರದಲ್ಲಿ ಬೆಂಕಿಯ ಚಿತ್ರಣ ಹೆಚ್ಚು ಪ್ರಬಲವಾಗಿದ್ದರೂ ಕಥೆ ಮಾತ್ರ ಬೆಂಕಿ ಹಚ್ಚುವವನ ಬೇಟೆಯಾಗಿ ಮುಗಿಯುತ್ತದೆ. ‘ಅಗ್ನಿ’ ಹಿಡಿದದ್ದು ಈ ಎರಡನೆಯ ದಾರಿಯನ್ನು.

ಇನ್ನೂ ಹಿಂದಕ್ಕೆ ಹೋದರೆ ೧೯೪೩ರಲ್ಲಿ ಹಂಫ್ರಿ ಜೆನ್ನಿಂಗ್ಸ್ ಅವರು ತೆಗೆದ ‘ಫಯರ್ಸ್ ವರ್ ಸ್ಟಾರ್ಟೆಡ್’ ಎಂಬ ಬ್ರಿಟಿಷ್ ಚಿತ್ರವಿದೆ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದ ಒಂದು ಹಗಲು ಒಂದು ರಾತ್ರಿಯ ಕಥೆ ಅದು. ಅದರಲ್ಲಿ ಅಭಿನಯಿಸಿದವರು ನಿಜವಾದ ಅಗ್ನಿಶಾಮಕರು. ಶತ್ರುವಿನ ಮುಖ ಅಲ್ಲಿ ಕಾಣುವುದೇ ಇಲ್ಲ. ನೀರು ಸಾಲದೆ ಬರುವುದು, ಕೊಳವೆಗಳನ್ನು ಎಳೆಯುವುದು, ಒಬ್ಬ ಸಂಗಡಿಗ ಸಾಯುವುದು, ಬೆಳಗಾದಮೇಲೆ ಉಳಿದವರು ಚಹಾ ಕುಡಿಯುವುದು, ಇಷ್ಟರಿಂದಲೇ ಕಥೆ ನಿಲ್ಲುತ್ತದೆ. ಕಸುಬೇ ಕಥೆಯಾಗಬಲ್ಲುದೆಂಬುದಕ್ಕೆ ಇದು ಪ್ರಮಾಣ. ನಮ್ಮ ದೇಶದಲ್ಲೇ ನಿದರ್ಶನ ಬೇಕೆಂದರೆ, ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ೧೯೯೭ರ ಜೂನ್ ೧೩ರಂದು ೫೯ ಮಂದಿ ಸತ್ತ ದುರಂತವನ್ನು ಕುರಿತ ‘ಟ್ರಯಲ್ ಬೈ ಫಯರ್’ (೨೦೨೩) ಎಂಬ ಸರಣಿಯನ್ನು ನೋಡಬಹುದು. ಅಲ್ಲಿ ಪ್ರತಿನಾಯಕರು ವಿದ್ಯುತ್ ಪರಿವರ್ತಕ, ದಾರಿಗಡ್ಡವಾಗಿ ಹಾಕಿದ ಹೆಚ್ಚುವರಿ ಆಸನಗಳು, ಮುಂದೂಡುತ್ತಲೇ ಹೋದ ನ್ಯಾಯಾಲಯದ ದಿನಾಂಕಗಳು. ಮಕ್ಕಳಿಬ್ಬರನ್ನೂ ಕಳೆದುಕೊಂಡ ತಂದೆ ತಾಯಿಗಳು ವರ್ಷಗಟ್ಟಲೆ ಕಾಗದಪತ್ರಗಳನ್ನು ಹಿಡಿದು ಅಲೆಯುವುದನ್ನು ನೋಡುತ್ತ ಕುಳಿತವರಿಗೆ ನಾಟಕದ ಕೊರತೆಯೇನೂ ಕಾಣದು.

ಇದರ ಜೊತೆಗೆ ಹೇಳಬೇಕಾದ ಮತ್ತೊಂದು ದೋಷ ‘ಅಗ್ನಿ’ಗೆ ಮಾತ್ರ ಸೇರಿದ್ದಲ್ಲ, ಇಂಥ ಚಿತ್ರಗಳಿಗೆ ಸಾಮಾನ್ಯವಾದದ್ದು. ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ, ಹೊಗೆಯಿಂದ ಉಸಿರುಕಟ್ಟಿ ಸಾಯುತ್ತಾರೆ. ಉರಿಯುವ ಕಟ್ಟಡದ ಒಳಗೆ ಬೆಳಕಿಗಿಂತ ಕತ್ತಲೇ ಹೆಚ್ಚು. ಆದರೆ ಕತ್ತಲೆಯಲ್ಲಿ ನಟರ ಮುಖ ಕಾಣದಾದ್ದರಿಂದ ಚಿತ್ರಗಳಲ್ಲಿ ಬೆಂಕಿ ಸದಾ ಹೊನ್ನಿನ ಬಣ್ಣದಲ್ಲಿ ನಿಚ್ಚಳವಾಗಿ ಉರಿಯುತ್ತದೆ. ಸಂಭಾಷಣೆ ಕೇಳಬೇಕಾದಾಗ ಮುಖವಾಡ ಕಳಚುತ್ತದೆ. ‘ಅಗ್ನಿ’ಯೂ ಈ ಕಟ್ಟಿನಿಂದ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ. ಇದನ್ನು ಕಲೆಯ ಅನುಕೂಲವೆಂದು ಮನ್ನಿಸಬಹುದಾಗಿತ್ತು. ಆದರೆ ಬೆಂಕಿಯೆಂದರೆ ಜ್ವಾಲೆ ಎಂದಷ್ಟೇ ಕಲಿತವನು ಹೊಗೆಯನ್ನು ಕಂಡಾಗ ಸಾಮಾನು ತರಲು ಹಿಂದಿರುಗಿಯಾನು. ಹೊಗೆ ಕಂಡರೆ ನೆಲಕ್ಕೆ ಬಾಗಿ ಹೊರಗೆ ಹೋಗಬೇಕೆಂಬ ಸಣ್ಣ ತಿಳಿವಳಿಕೆಯನ್ನು ಚಿತ್ರಗಳು ಕಥೆಗೆ ಕುಂದಿಲ್ಲದೆ ಕೊಡಬಹುದು.

೫

ಮುಂಬಯಿಯ ಚಿತ್ರವೊಂದರ ವಿಚಾರ ನಮ್ಮ ಸೀಮೆಯ ಓದುಗರಿಗೆ ದೂರದ್ದೆಂದು ತೋರಬಾರದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಹಿರಿಯರ ನೆನಪಿನ ಬೆಂಕಿಯೆಂದರೆ ರಾಗಿಹುಲ್ಲಿನ ಬಣವೆಗೆ ಬಿದ್ದ ಬೆಂಕಿ, ಇಲ್ಲವೆ ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಹುಲ್ಲಿನ ಗಾಡಿ ಹೊತ್ತಿದ್ದು. ಬಿಂದಿಗೆ ಹಿಡಿದು ಇಡೀ ಊರು ಓಡಿಬರುತ್ತಿತ್ತು. ಈಗ ಅದೇ ತಾಲ್ಲೂಕುಗಳಲ್ಲಿ ನೂಲಿನ ದೂಳು ತುಂಬಿದ ವಿದ್ಯುತ್ ಮಗ್ಗದ ಮನೆಗಳಿವೆ. ಹೆದ್ದಾರಿಯ ಇಕ್ಕೆಲಗಳಲ್ಲಿ ಸಾಲು ಸಾಲು ಗೋದಾಮುಗಳಿವೆ. ೨೦೦೮ರಿಂದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ೨೦೨೫ರ ಮೇ ತಿಂಗಳಲ್ಲಿ ನೆಲಮಂಗಲಕ್ಕೆ ಸಮೀಪದ ಅಡಕಮಾರನಹಳ್ಳಿಯಲ್ಲಿ ಎಣ್ಣೆ ದಾಸ್ತಾನಿನ ಗೋದಾಮು ಹೊತ್ತಿ ಉರಿದಾಗ ಊರಿನ ಬಿಂದಿಗೆಗಳಿಂದ ಆಗುವಂಥದ್ದೇನೂ ಇರಲಿಲ್ಲ. ಬೆಂಕಿಯ ಸ್ವರೂಪ ಬದಲಾಗಿದೆ. ಅದನ್ನು ಕುರಿತ ನಮ್ಮ ಕಥೆಗಳು ಇನ್ನೂ ಬದಲಾಗಿಲ್ಲ.

ಕನ್ನಡ ಚಿತ್ರರಂಗ ಅರಣ್ಯಾಧಿಕಾರಿಯನ್ನು ‘ಗಂಧದ ಗುಡಿ’ಯಲ್ಲಿ (೧೯೭೩) ನಾಯಕನನ್ನಾಗಿ ಮಾಡಿತು, ಅದನ್ನು ನೋಡಿದ ಒಂದು ತಲೆಮಾರಿಗೆ ಕಾಡಿನ ಮೇಲೆ ಹೊಸ ಅಭಿಮಾನ ಹುಟ್ಟಿತು. ಶಂಕರ್ ನಾಗ್ ಅವರ ‘ಸಾಂಗ್ಲಿಯಾನ’ (೧೯೮೮) ಒಬ್ಬ ಪೊಲೀಸ್ ಅಧಿಕಾರಿಯ ಹೆಸರನ್ನೇ ಹೊತ್ತು ಜನಪ್ರಿಯವಾಯಿತು. ಅಗ್ನಿಶಾಮಕನ ಸರದಿ ಬಂದಾಗ ನಮ್ಮ ಲೇಖಕರು ‘ಅಗ್ನಿ’ಯಿಂದ ಮನೆಯ ದೃಶ್ಯಗಳನ್ನೂ ಠಾಣೆಯ ದೃಶ್ಯಗಳನ್ನೂ ಕಲಿಯಲಿ, ಪತ್ತೇದಾರಿಯನ್ನು ಮಾತ್ರ ಬಿಡಲಿ ಎಂಬುದು ನಮ್ಮ ಸೂಚನೆ. ಗುಣದೋಷಗಳನ್ನು ಕೂಡಿ ಕಳೆದು ನೋಡಿದರೆ ಈ ಚಿತ್ರ ನೋಡತಕ್ಕದ್ದೇ ಹೌದು. ದುಡಿಯುವವನನ್ನು ಅದು ಕಂಡಿದೆ. ದುಡಿಮೆ ಏಕೆ ಬೇಕಾಯಿತೆಂಬುದನ್ನು ಕಂಡಿಲ್ಲ.

ಮುಗಿಸುವ ಮುನ್ನ ಒಂದು ಮಾತು. ಚಿತ್ರವನ್ನು ನೋಡಿದ ಕೆಲವು ದಿನಗಳ ಮೇಲೆ ಕೆಲಸದ ನಿಮಿತ್ತ ಒಂದು ಕಾಲೇಜಿಗೆ ಹೋಗಿದ್ದೆವು. ಮೊಗಸಾಲೆಯಲ್ಲಿ ಕೆಂಪು ಬಣ್ಣದ ಬಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಬಗ್ಗಿಸಿ ನೋಡಿದರೆ ಮರಳಿಗೆ ಬದಲಾಗಿ ಸೀಮೆಸುಣ್ಣದ ಚೂರುಗಳೂ ಹರಿದ ಪ್ರಶ್ನೆಪತ್ರಿಕೆಗಳೂ ಇದ್ದವು. ಅದರಾಚೆಗಿನ ಹಿಂಬದಿಯ ಮೆಟ್ಟಿಲಿನ ಬಾಗಿಲಿಗೆ ಬೀಗ. ಕೀಲಿಕೈ ಯಾರ ಹತ್ತಿರವಿದೆಯೆಂದು ವಿಚಾರಿಸಿದೆವು. ಅದನ್ನು ಇಟ್ಟುಕೊಂಡವರು ರಜೆಯ ಮೇಲೆ ಹೋಗಿದ್ದಾರೆಂದು ತಿಳಿಯಿತು. ಬೀಗ ಹಾಕಿದವರು ದುಷ್ಟರಲ್ಲ. ಕುರ್ಚಿ ಮೇಜುಗಳು ಕಳುವಾಗದಿರಲೆಂದು ಹಾಕಿದವರು. ಆ ಬಾಗಿಲಿನ ಮುಂದೆ ನಿಂತಾಗ ‘ಅಗ್ನಿ’ ಚಿತ್ರದ ಯಾವ ದೃಶ್ಯವೂ ನಮಗೆ ನೆನಪಾಗಲಿಲ್ಲ; ನೆನಪಾದದ್ದು ಕಾರ್ಲ್ಟನ್ ಟವರ್ಸ್. ಈ ಪುಟಗಳನ್ನು ಓದಿದ ಅಧ್ಯಾಪಕ ಮಿತ್ರರು ತಮ್ಮ ತಮ್ಮ ಕಾಲೇಜಿನ ಹಿಂಬದಿಯ ಬಾಗಿಲನ್ನು ಒಮ್ಮೆ ತಳ್ಳಿ ನೋಡಿದರೆ ನಮ್ಮ ವಿಮರ್ಶೆ ಸಾರ್ಥಕವಾಯಿತೆಂದು ಭಾವಿಸುತ್ತೇವೆ.